ಮೈಗೆ ಹುಷಾರಿಲ್ಲದಾಗ, ಮನಸ್ಸು ಕುಗ್ಗಿದಾಗ: ಹಿತವಾದ ಊಟ ಮಾಡಿಕೊಡುವ ಬಗೆ

ಹಾಸಿಗೆ ಹಿಡಿದವರ ಬಳಿ ಹೋಗಿ "ಏನು ಮಾಡಿಕೊಡಲಿ, ಏನು ತಿನ್ನಬೇಕು ಅನ್ನಿಸುತ್ತಿದೆ?" ಎಂದು ನಾವು ಕೇಳುವುದು ಪ್ರೀತಿಯಿಂದಲೇ ಆದರೂ, ಅದಕ್ಕೆ ಬಹಳ ಸಲ ಸಿಗುವ ಉತ್ತರ "ಏನೂ ಬೇಡ" ಎಂಬುದೇ. ಜ್ವರದಿಂದ ಬಸವಳಿದ ಮೈಗೆ, ಬೇಸರದಲ್ಲಿ ಮುಳುಗಿದ ಮನಸ್ಸಿಗೆ, ಹತ್ತು ತಿನಿಸುಗಳನ್ನು ನೆನಪಿಗೆ ತಂದುಕೊಂಡು ಅದರಲ್ಲಿ ಒಂದನ್ನು ಆರಿಸುವುದೂ ಒಂದು ಕೆಲಸವಾಗಿಬಿಡುತ್ತದೆ. ಆದ್ದರಿಂದ ಈ ಬರಹದ ಉದ್ದಕ್ಕೂ ನಾನು ಒಂದೇ ಅಳತೆಗೋಲನ್ನು ಹಿಡಿದಿದ್ದೇನೆ: ಹಿತವಾದ ಊಟವೆಂದರೆ ಉಣ್ಣುವವರಿಂದ ಏನನ್ನೂ ಕೇಳದ ಊಟ. ಆರಿಸುವ ಶ್ರಮ, ಅಗಿಯುವ ಶ್ರಮ, ಬಟ್ಟಲು ಖಾಲಿ ಮಾಡಲೇಬೇಕೆಂಬ ಒತ್ತಾಯ, ಆಮೇಲೆ ಪಾತ್ರೆ ತೊಳೆಯುವ ಚಿಂತೆ, ಇವುಗಳಲ್ಲಿ ಎಷ್ಟನ್ನು ತೆಗೆದುಹಾಕಬಹುದೋ ಅಷ್ಟನ್ನು ತೆಗೆದುಹಾಕಿದ ಮೇಲೆಯೇ ರುಚಿಯ ಮಾತು ಬರಬೇಕು. ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವವರಿಗೂ, ಒಬ್ಬರೇ ಇದ್ದು ತಮ್ಮನ್ನು ತಾವೇ ನೋಡಿಕೊಳ್ಳಬೇಕಾದವರಿಗೂ ಈ ಮಾತು ಒಂದೇ ರೀತಿ ಅನ್ವಯಿಸುತ್ತದೆ. ಎರಡನೆಯವರಿಗೆ ಇದು ಇನ್ನೂ ಹೆಚ್ಚು ಮುಖ್ಯ, ಏಕೆಂದರೆ ಅವರ ಮನೆಯಲ್ಲಿ ಕೇಳುವವರೂ ಅವರೇ, ಉತ್ತರಿಸಬೇಕಾದವರೂ ಅವರೇ.

ಹಸಿವು ಏಕೆ ಹೋಗುತ್ತದೆ, ನಾಲಿಗೆ ಏಕೆ ಸಪ್ಪೆಯಾಗುತ್ತದೆ

ಸೋಂಕು ತಗುಲಿದಾಗ ಹಸಿವು ಕಡಿಮೆಯಾಗುವುದು ರೋಗಿಯ ಹಟವಲ್ಲ. ಸೋಂಕಿನ ವಿರುದ್ಧ ಹೋರಾಡುವ ಜೀವಕೋಶಗಳು ಬಿಡುಗಡೆ ಮಾಡುವ ಸೈಟೊಕೈನ್ ಎಂಬ ರಾಸಾಯನಿಕಗಳು ಮಿದುಳಿನ ಹೈಪೊಥಲಾಮಸ್ ಭಾಗವನ್ನು ತಲುಪಿ, ಜ್ವರವನ್ನು ಏರಿಸುವುದರ ಜೊತೆಗೆ ಹಸಿವನ್ನೂ ಕುಗ್ಗಿಸುತ್ತವೆ. ಆದರೆ ಅದೇ ಹೊತ್ತಿನಲ್ಲಿ ಮೈಯ ಖರ್ಚು ಮಾತ್ರ ಹೆಚ್ಚಾಗಿರುತ್ತದೆ. ಮೈ ಶಾಖ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹಕ್ಕೆ ಬೇಕಾಗುವ ಶಕ್ತಿ ಸುಮಾರು ಶೇಕಡಾ 10ರಷ್ಟು ಏರುತ್ತದೆ, ಬೆವರಿನಲ್ಲಿ ನೀರೂ ಹೋಗುತ್ತದೆ. ಒಂದೆರಡು ದಿನ ಊಟ ಕಡಿಮೆಯಾದರೆ ಆರೋಗ್ಯವಂತ ವಯಸ್ಕರಿಗೆ ದೊಡ್ಡ ತೊಂದರೆಯಿಲ್ಲ, ಆದರೆ ನೀರು ಕಡಿಮೆಯಾಗಬಾರದು. ಹೀಗಾಗಿ ಮೊದಲ ದಿನದ ಅಡುಗೆಯೆಂದರೆ ನನ್ನ ಮಟ್ಟಿಗೆ ಊಟದ ವೇಷದಲ್ಲಿರುವ ನೀರು: ತೆಳು ಗಂಜಿ, ಬೇಳೆಯ ಕಟ್ಟು, ಸೂಪ್, ತಿಳಿಯಾದ ಹಣ್ಣಿನ ರಸ.

ರುಚಿ ಹೋಗುವುದಕ್ಕೆ ಕಾರಣ ಹೆಚ್ಚಾಗಿ ಮೂಗು. ನಾಲಿಗೆ ಗುರುತಿಸುವುದು ಸಿಹಿ, ಉಪ್ಪು, ಹುಳಿ, ಕಹಿ ಮತ್ತು ಉಮಾಮಿ (ಮಾಂಸದ ಸಾರಿನಂಥ ತುಂಬು ರುಚಿ) ಎಂಬ ಐದನ್ನು ಮಾತ್ರ. ನಾವು ರುಚಿಯೆಂದು ಕರೆಯುವ ಉಳಿದದ್ದೆಲ್ಲ ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ಪರಿಮಳ. ಮೂಗು ಕಟ್ಟಿದಾಗ ಆ ದಾರಿ ಮುಚ್ಚಿಹೋಗುತ್ತದೆ. ಆಗ ದುಬಾರಿ ಮಸಾಲೆ ಹಾಕಿ ಗಮಗಮಿಸುವ ಅಡುಗೆ ಮಾಡಿದರೂ ಅದು ವ್ಯರ್ಥ. ಕೆಲಸಕ್ಕೆ ಬರುವುದು ನಾಲಿಗೆಗೆ ನೇರವಾಗಿ ತಾಗುವ ಸಂಗತಿಗಳು: ಹದವಾದ ಉಪ್ಪು, ನಾಲ್ಕು ಹನಿ ನಿಂಬೆಹುಳಿ, ಬಿಸಿ ಅಥವಾ ತಂಪು, ನುಣುಪು ಅಥವಾ ಗರಿಗರಿ. ಉಮಾಮಿಯೂ ಇಲ್ಲಿ ಬಹಳ ಉಪಕಾರಿ. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡಾ ಕಡಲಪಾಚಿಯ ಸಾರದಿಂದ ಗ್ಲುಟಮೇಟನ್ನು ಬೇರ್ಪಡಿಸಿ ಈ ರುಚಿಗೆ ಹೆಸರಿಟ್ಟರು. ಅದೇ ಗ್ಲುಟಮೇಟ್ ಮಾಗಿದ ಟೊಮೆಟೊ, ಅಣಬೆ, ಹಳೆಯ ಚೀಸ್, ಬಹುಹೊತ್ತು ಕುದಿಸಿದ ಮಾಂಸದ ಸಾರುಗಳಲ್ಲಿಯೂ ಇದೆ. ಮೂಗು ಕಟ್ಟಿದವರು "ಟೊಮೆಟೊ ಸೂಪ್ ಒಂದೇ ರುಚಿಸುತ್ತಿದೆ" ಎಂದರೆ ಅದಕ್ಕೆ ಕಾರಣವಿದೆ ಎಂದು ತಿಳಿಯಬೇಕು.

ಗಂಜಿ, ಮೊದಲಿನಿಂದ ಕೊನೆಯವರೆಗೆ

ಒಂದೇ ಒಂದು ಅಡುಗೆ ಕಲಿಯುವುದಾದರೆ ಅಕ್ಕಿ ಗಂಜಿಯನ್ನು ಕಲಿಯಿರಿ ಎಂದು ನಾನು ಹೇಳುತ್ತೇನೆ. ಇದರಲ್ಲಿ ಕೈಚಳಕ ಬೇಕಿಲ್ಲ, ತಾಳ್ಮೆ ಮಾತ್ರ ಬೇಕು. ಅರ್ಧ ಬಟ್ಟಲು ಅಕ್ಕಿಯನ್ನು ಎರಡು ಮೂರು ಸಲ ತೊಳೆದು, ದಪ್ಪ ತಳದ ಪಾತ್ರೆಯಲ್ಲಿ ಐದು ಬಟ್ಟಲು ನೀರಿನೊಂದಿಗೆ ಒಲೆಯ ಮೇಲಿಡಬೇಕು. ಕುದಿ ಬರುವವರೆಗೆ ಉರಿ ಜೋರಾಗಿರಲಿ, ಮತ್ತು ಆ ಹೊತ್ತಿನಲ್ಲಿ ಒಂದೆರಡು ಸಲ ತಳ ಮುಟ್ಟುವಂತೆ ಸೌಟಾಡಿಸಲು ಮರೆಯಬಾರದು, ಏಕೆಂದರೆ ಅಕ್ಕಿ ತಳ ಹಿಡಿಯುವುದು ಈ ಮೊದಲ ಹತ್ತು ನಿಮಿಷಗಳಲ್ಲಿ. ಕುದಿ ಬಂದ ಕೂಡಲೇ ಉರಿಯನ್ನು ಪೂರ್ತಿ ತಗ್ಗಿಸಿ, ಮುಚ್ಚಳವನ್ನು ಒಂದು ಬೆರಳಿನಷ್ಟು ಓರೆಯಾಗಿ ಮುಚ್ಚಬೇಕು; ಪೂರ್ತಿ ಮುಚ್ಚಿದರೆ ನೊರೆ ಉಕ್ಕಿ ಒಲೆಯೆಲ್ಲ ಅಂಟಾಗುತ್ತದೆ.

ಆಮೇಲೆ ಪಾತ್ರೆಯೊಳಗೆ ನಡೆಯುವುದನ್ನು ಹತ್ತಿರದಿಂದ ನೋಡುವುದು ನನಗೆ ಇಂದಿಗೂ ಇಷ್ಟದ ಕೆಲಸ. ಇಪ್ಪತ್ತು ನಿಮಿಷಕ್ಕೆ ಅನ್ನ ಬೆಂದಿರುತ್ತದೆ, ಆದರೆ ಕಾಳು ಬೇರೆ, ನೀರು ಬೇರೆಯಾಗಿಯೇ ಇರುತ್ತವೆ. ಸೌಟಿನಲ್ಲಿ ಎತ್ತಿದರೆ ನೀರು ಸುರಿದುಹೋಗಿ ಅಗುಳು ಉಳಿಯುತ್ತದೆ. ಮೂವತ್ತು ನಿಮಿಷ ದಾಟಿದ ಮೇಲೆ ಅಗುಳಿನ ತುದಿಗಳು ಹೂವಿನಂತೆ ಬಿರಿಯತೊಡಗುತ್ತವೆ, ನೀರು ತಿಳಿಯಾಗಿದ್ದುದು ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಗುಳ್ಳೆಗಳು ಪಟಪಟನೆ ಒಡೆಯುವುದನ್ನು ಬಿಟ್ಟು ನಿಧಾನವಾಗಿ ಉಬ್ಬಿ ಕುಸಿಯುತ್ತವೆ. ನಲವತ್ತೈದು ನಿಮಿಷದ ಹೊತ್ತಿಗೆ ಸೌಟಿನಿಂದ ಸುರಿದರೆ ಕಾಳೂ ನೀರೂ ಒಂದಾಗಿ, ಮಡಚಿಕೊಳ್ಳುವ ಬಟ್ಟೆಯಂತೆ ಇಳಿಯಬೇಕು. ಕಾವಿನಲ್ಲಿ ಅಕ್ಕಿಯ ಪಿಷ್ಟ ನೀರು ಹೀರಿ ಉಬ್ಬಿ, ಒಡೆದು, ನೀರಿಗೆ ಬೆರೆಯುವುದೇ ಈ ಬದಲಾವಣೆಗೆ ಕಾರಣ. ಅಗಿಯುವ ಕೆಲಸದ ಬಹುಪಾಲನ್ನು ಒಲೆಯೇ ಮಾಡಿ ಮುಗಿಸಿರುತ್ತದೆ. ಉಪ್ಪನ್ನು ಕೊನೆಯಲ್ಲಿ, ಕಾಲು ಚಮಚದಿಂದ ಆರಂಭಿಸಿ ರುಚಿ ನೋಡಿ ಹಾಕಬೇಕು, ಏಕೆಂದರೆ ಕುದಿಯುತ್ತ ನೀರು ಎಷ್ಟು ಇಂಗುತ್ತದೆ ಎಂಬುದು ಮೊದಲೇ ತಿಳಿಯುವುದಿಲ್ಲ.

ಅಷ್ಟು ಹೊತ್ತು ಒಲೆಯ ಮುಂದೆ ನಿಲ್ಲಲಾಗದಿದ್ದರೆ ಎರಡು ದಾರಿಗಳಿವೆ. ಅಕ್ಕಿಯ ನುಚ್ಚನ್ನು ಬಳಸಿದರೆ ಸುಮಾರು ಅರ್ಧ ಸಮಯ ಸಾಕು. ಇಲ್ಲವೇ ಅಕ್ಕಿಯನ್ನು ತೊಳೆದು, ನೀರು ಬಸಿದು, ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿ ಇಟ್ಟುಬಿಡಬೇಕು. ಕಾಳಿನೊಳಗೆ ಸೇರಿದ ನೀರು ಮಂಜುಗಟ್ಟಿ ಹಿಗ್ಗುವಾಗ ಕಾಳಿನಲ್ಲಿ ಸಣ್ಣ ಬಿರುಕುಗಳನ್ನು ಮೂಡಿಸುವುದರಿಂದ, ಕುದಿಯುವ ನೀರಿಗೆ ನೇರವಾಗಿ ಹಾಕಿದಾಗ ಅದು ಇಪ್ಪತ್ತು ನಿಮಿಷದೊಳಗೆ ಕರಗಿದಂತೆ ಬೇಯುತ್ತದೆ. ಆರೋಗ್ಯವಾಗಿರುವಾಗಲೇ ಇಂಥ ಅಕ್ಕಿಯ ಎರಡು ಮೂರು ಪೊಟ್ಟಣಗಳನ್ನು ಮಾಡಿ ಇಟ್ಟುಕೊಂಡರೆ ಒಬ್ಬರೇ ಇರುವವರಿಗೆ ಅದು ಎಷ್ಟು ದೊಡ್ಡ ಆಸರೆ ಎಂಬುದು ಜ್ವರ ಬಂದ ದಿನವೇ ಗೊತ್ತಾಗುತ್ತದೆ.

ತೆಳುವಾಗಿ ಬೇಕಾದವರಿಗೆ ಮೇಲಿನ ತಿಳಿಯನ್ನೇ ಬಸಿದು ಕುಡಿಯಲು ಕೊಡಬಹುದು. ಮರುದಿನ ಸ್ವಲ್ಪ ಚೇತರಿಸಿದ ಮೇಲೆ ಅದೇ ಗಂಜಿಗೆ ಒಂದು ಚಮಚ ಬೆಣ್ಣೆ ಅಥವಾ ತುಪ್ಪ, ನುಣ್ಣಗೆ ಬೆಂದ ಬೇಳೆ, ಅಥವಾ ಕುದಿಯುವಾಗಲೇ ಎಳೆಯಾಗಿ ಸುರಿದು ಕಲಕಿದ ಒಂದು ಮೊಟ್ಟೆ, ಹೀಗೆ ಒಂದೊಂದನ್ನೇ ಸೇರಿಸುತ್ತ ಹೋದರೆ ಪೌಷ್ಟಿಕತೆಯೂ ಹೆಚ್ಚುತ್ತದೆ. ಬರಿಯ ಗಂಜಿಯಲ್ಲಿ ಪ್ರೋಟೀನ್ ಬಹಳ ಕಡಿಮೆ ಎಂಬುದನ್ನು ಮರೆಯಬಾರದು; ಅದು ಒಂದೆರಡು ದಿನದ ಊಟವೇ ಹೊರತು ವಾರಗಟ್ಟಲೆ ಅದರಲ್ಲಿಯೇ ಇರಬಾರದು. ಅಕ್ಕಿ ಒಗ್ಗದವರಿಗೆ ಓಟ್ಸ್, ಗೋಧಿ ನುಚ್ಚು, ರವೆ, ಸಿರಿಧಾನ್ಯದ ಹಿಟ್ಟು, ಯಾವುದರಿಂದಲಾದರೂ ಇದೇ ಹದವನ್ನು ತರಬಹುದು.

ಸೂಪ್ ಮತ್ತು ಬೇಳೆಯ ಕಟ್ಟು

ಕೋಳಿ ಸೂಪಿಗೂ ನೆಗಡಿಗೂ ಇರುವ ನಂಟಿನ ಬಗ್ಗೆ ಅತಿಶಯದ ಮಾತುಗಳು ಬಹಳ. ನೆಬ್ರಾಸ್ಕದ ವೈದ್ಯ ಸ್ಟೀಫನ್ ರೆನಾರ್ಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉರಿಯೂತದ ಕಡೆಗೆ ಧಾವಿಸುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳ ಚಲನೆಯನ್ನು ಕೋಳಿ ಸೂಪ್ ತಗ್ಗಿಸಿದ್ದು ಕಂಡುಬಂದಿತ್ತು. ಆದರೆ ಅದು ಪ್ರಯೋಗಾಲಯದಲ್ಲಿ ನಡೆದ ಪರೀಕ್ಷೆ, ರೋಗಿಗಳ ಮೇಲೆ ಅಲ್ಲ. ಆದ್ದರಿಂದ ಸೂಪ್ ಔಷಧಿ ಎಂದು ನಾನು ಹೇಳಲಾರೆ. ಬಿಸಿ ಹಬೆ ಮೂಗನ್ನು ಸಡಿಲಗೊಳಿಸುತ್ತದೆ, ಉಪ್ಪು ಮತ್ತು ನೀರು ಒಟ್ಟಿಗೇ ಒಳಗೆ ಹೋಗುತ್ತವೆ, ನುಂಗುವುದು ಸುಲಭ; ಒಂದು ಬಟ್ಟಲು ಸೂಪಿನಿಂದ ಇಷ್ಟು ಉಪಕಾರವಾದರೆ ಸಾಲದೇ?

ಮಾಂಸ ತಿನ್ನದವರಿಗೆ ಬೇಳೆಯ ಕಟ್ಟು ಅದಕ್ಕೆ ಸರಿಸಮನಾಗಿ ನಿಲ್ಲುತ್ತದೆ. ಹೆಸರುಬೇಳೆಯನ್ನು ಅದರ ಎಂಟು ಪಟ್ಟು ನೀರಿನಲ್ಲಿ, ಒಂದು ಟೊಮೆಟೊ, ನಾಲ್ಕು ಎಸಳು ಬೆಳ್ಳುಳ್ಳಿ, ಹೆಬ್ಬೆರಳ ತುದಿಯಷ್ಟು ಶುಂಠಿ, ಚಿಟಿಕೆ ಅರಿಸಿನ ಸೇರಿಸಿ ಪೂರ್ತಿ ಕರಗುವಂತೆ ಬೇಯಿಸಿ, ಕಡೆದು, ಬೇಕಿದ್ದರೆ ಸೋಸಿ, ಉಪ್ಪು ಮತ್ತು ನಿಂಬೆರಸ ಹಾಕಿದರೆ ಮುಗಿಯಿತು. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಾಕಬೇಕು. ಎಣ್ಣೆ ಕಾಯಿಸಿ ಮಸಾಲೆ ಸಿಡಿಸುವ ಘಾಟು ಕೆಮ್ಮಿನವರಿಗೂ ವಾಕರಿಕೆಯವರಿಗೂ ಸಹಿಸಲಾಗದ್ದು, ಆದ್ದರಿಂದ ಆ ಹಂತವನ್ನು ಗುಣವಾಗುವವರೆಗೆ ಬಿಟ್ಟುಬಿಡುವುದೇ ಒಳ್ಳೆಯದು.

ಎಷ್ಟು ಬಿಸಿಯಾಗಿ ಕೊಡಬೇಕು ಎಂಬುದಕ್ಕೂ ಒಂದು ಮಿತಿಯಿದೆ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ರೂಢಿಯಾಗಿ ಕುಡಿಯುವುದು ಅನ್ನನಾಳಕ್ಕೆ ಕ್ಯಾನ್ಸರ್ ತರುವ ಸಾಧ್ಯತೆಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2016ರಲ್ಲಿ ವರ್ಗೀಕರಿಸಿತು. ಇದನ್ನು ಓದಿ ಹೆದರಬೇಕಿಲ್ಲ. ಊದದೆಯೇ ಗುಟುಕರಿಸಬಹುದಾದಷ್ಟು ಆರಿಸಿ ಕೊಟ್ಟರೆ ಸಾಕು. ಮೈಯಲ್ಲಿ ಬಲವಿಲ್ಲದವರ ಕೈ ನಡುಗಿ ಬಿಸಿ ಸಾರು ಚೆಲ್ಲುವ ಅಪಾಯವೂ ಇದರಿಂದ ತಪ್ಪುತ್ತದೆ.

ಯಾವ ತೊಂದರೆಗೆ ಏನು

ಗಂಟಲು ನೋವಿನಲ್ಲಿ ಬೆಚ್ಚಗಿನದು ಹಿತವೋ ತಂಪಾದದ್ದು ಹಿತವೋ ಎಂಬ ಪ್ರಶ್ನೆಗೆ ರೋಗಿಯ ಗಂಟಲೇ ಉತ್ತರ ಹೇಳಬೇಕು. ಕೆಲವರಿಗೆ ಶುಂಠಿ ಹಾಕಿ ಕುದಿಸಿದ ನೀರಿಗೆ ಜೇನು ಬೆರೆಸಿದ್ದು ಆರಾಮ ಕೊಟ್ಟರೆ, ಇನ್ನು ಕೆಲವರಿಗೆ ಐಸ್‌ಕ್ರೀಮೇ ನೋವನ್ನು ಮರಗಟ್ಟಿಸುತ್ತದೆ, ಎರಡೂ ಸರಿ. ಒಂದು ವರ್ಷ ತುಂಬದ ಮಕ್ಕಳಿಗೆ ಮಾತ್ರ ಯಾವ ಕಾರಣಕ್ಕೂ ಜೇನು ಕೊಡಬಾರದು, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳಿಂದ ಬಾಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು. ಹಾಲು ಕುಡಿದರೆ ಕಫ ಹೆಚ್ಚುತ್ತದೆ ಎಂಬ ನಂಬಿಕೆ ಬಹಳ ಹಳೆಯದಾದರೂ, ಹಾಲು ಜೊಲ್ಲಿನೊಂದಿಗೆ ಬೆರೆತು ಗಂಟಲಲ್ಲಿ ದಪ್ಪನಾಗಿ ನಿಂತಂತೆ ಅನ್ನಿಸುವುದಷ್ಟೇ ಹೊರತು ಕಫದ ಉತ್ಪತ್ತಿಯೇನೂ ಅದರಿಂದ ಹೆಚ್ಚುವುದಿಲ್ಲ. ಹಾಗೆ ಅನ್ನಿಸುವುದೇ ಬೇಡವಾದವರು ಬಿಡಲಿ, ಇಷ್ಟಪಡುವವರಿಂದ ಕಿತ್ತುಕೊಳ್ಳುವ ಅಗತ್ಯವಿಲ್ಲ.

ಗಂಟಲು ನೋವಿಗೆ ನಾನು ಮತ್ತೆ ಮತ್ತೆ ಮಾಡುವುದು ಹಬೆಯಲ್ಲಿ ಬೇಯಿಸಿದ ಮೊಟ್ಟೆಯ ಕಸ್ಟರ್ಡ್. ಒಂದು ಮೊಟ್ಟೆಯನ್ನು ನೊರೆ ಬಾರದಂತೆ ಕಲಕಿ, ಅದರ ಎರಡು ಪಟ್ಟು, ಅಂದರೆ ಸುಮಾರು 100 ಮಿಲಿಲೀಟರಿನಷ್ಟು ಉಗುರು ಬೆಚ್ಚಗಿನ ನೀರು ಅಥವಾ ಸೂಪಿನ ತಿಳಿ ಬೆರೆಸಿ, ಚಿಟಿಕೆ ಉಪ್ಪು ಹಾಕಿ ಸೋಸಿ, ಬಟ್ಟಲಿಗೆ ತಟ್ಟೆ ಮುಚ್ಚಿ, ಸಣ್ಣ ಹಬೆಯಲ್ಲಿ ಹತ್ತರಿಂದ ಹನ್ನೆರಡು ನಿಮಿಷ ಇಟ್ಟರೆ ನಾಲಿಗೆಯ ಮೇಲೆ ತಾನೇ ಜಾರುವಂಥ ಮೃದುವಾದ ಊಟ ಸಿದ್ಧವಾಗುತ್ತದೆ. ಹಬೆ ಜೋರಾದರೆ ಜೇನುಗೂಡಿನಂತೆ ತೂತು ಬೀಳುತ್ತದೆ, ಅಷ್ಟೇ. ನಡುಭಾಗ ಅಲುಗಿಸಿದಾಗ ನೀರಾಡದೆ ಗಟ್ಟಿಯಾಗಿರಬೇಕು. ಕಾಯಿಲೆಯವರಿಗೆ ಅರೆಬೆಂದ ಮೊಟ್ಟೆ ಬೇಡ.

ವಾಕರಿಕೆ ಮತ್ತು ವಾಂತಿಯಲ್ಲಿ ನಿಯಮಗಳು ತಲೆಕೆಳಗಾಗುತ್ತವೆ. ಬಿಸಿ ಊಟದಿಂದ ಏಳುವ ವಾಸನೆಯೇ ಇಲ್ಲಿ ಶತ್ರುವಾಗುವುದರಿಂದ, ತಣ್ಣಗಿನ ಅಥವಾ ಕೋಣೆಯ ತಾಪದಲ್ಲಿರುವ, ಒಣಗಿದ, ವಾಸನೆಯಿಲ್ಲದ ತಿನಿಸುಗಳೇ ಮೇಲು: ಬ್ರೆಡ್ ಟೋಸ್ಟ್, ಉಪ್ಪು ಬಿಸ್ಕತ್ತು, ಬೇಯಿಸಿ ಆರಿಸಿದ ಆಲೂಗಡ್ಡೆ, ಬಾಳೆಹಣ್ಣು. ವಾಂತಿಯಾದ ತಕ್ಷಣ ಏನನ್ನೂ ಕುಡಿಸದೆ, ಹದಿನೈದು ಇಪ್ಪತ್ತು ನಿಮಿಷ ಹೊಟ್ಟೆಗೆ ಬಿಡುವು ಕೊಟ್ಟು, ಆಮೇಲೆ ಒಂದೊಂದು ಚಮಚ ದ್ರವವನ್ನು ಕೆಲವು ನಿಮಿಷಗಳಿಗೊಮ್ಮೆ ಕೊಡಬೇಕು. ಬಾಯಾರಿಕೆಯೆಂದು ಒಂದೇ ಸಲಕ್ಕೆ ಲೋಟ ಖಾಲಿ ಮಾಡಿದರೆ ಅದು ಹಾಗೆಯೇ ವಾಪಸು ಬರುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ನಾನು ವಿಶೇಷವಾಗಿ ಹೇಳಲೇಬೇಕು: ವಾಂತಿಯ ಹೊತ್ತಿನಲ್ಲಿ ರೋಗಿಗೆ ಅವರ ಅತಿ ಇಷ್ಟದ ತಿನಿಸನ್ನು ಕೊಡಬೇಡಿ. ಹೊಟ್ಟೆ ತೊಳಸಿದ ಅನುಭವವನ್ನು ಮಿದುಳು ಅದಕ್ಕೆ ಮೊದಲು ತಿಂದದ್ದರೊಂದಿಗೆ ಗಂಟು ಹಾಕಿಬಿಡುತ್ತದೆ. ಮನಶ್ಶಾಸ್ತ್ರಜ್ಞ ಜಾನ್ ಗಾರ್ಸಿಯ 1955ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. 1978ರಲ್ಲಿ ಐಲೀನ್ ಬರ್ನ್‌ಸ್ಟೈನ್, ಕ್ಯಾನ್ಸರ್ ಚಿಕಿತ್ಸೆಗೆ ಮುಂಚೆ ಐಸ್‌ಕ್ರೀಮ್ ತಿಂದ ಮಕ್ಕಳು ಮುಂದೆ ಅದೇ ಐಸ್‌ಕ್ರೀಮನ್ನು ದೂರವಿಡುವುದನ್ನು ಗಮನಿಸಿ ಬರೆದರು. ವಾಂತಿಗೆ ಐಸ್‌ಕ್ರೀಮ್ ಕಾರಣವಲ್ಲ, ಔಷಧಿ ಕಾರಣ ಎಂದು ತಿಳಿದಿದ್ದರೂ ನಾಲಿಗೆ ಆ ವಿವರಣೆಯನ್ನು ಒಪ್ಪುವುದಿಲ್ಲ. ಪ್ರೀತಿಯಿಂದ ಮಾಡಿಕೊಟ್ಟ ಇಷ್ಟದ ತಿನಿಸೇ ಮುಂದೆ ವರ್ಷಗಟ್ಟಲೆ ಅಸಹ್ಯವಾಗುವುದು ಬಹಳ ನೋವಿನ ಸಂಗತಿ. ಅದನ್ನು ಚೇತರಿಕೆಯ ದಿನಕ್ಕೆ ಎತ್ತಿಡಿ.

ಭೇದಿಯಲ್ಲಿ ಊಟಕ್ಕಿಂತ ಮೊದಲು ಸಕ್ಕರೆ, ಉಪ್ಪು ಬೆರೆತ ನೀರಾದ ಓಆರ್‌ಎಸ್. ಸಕ್ಕರೆಯ ಜೊತೆಗೂಡಿದಾಗ ಉಪ್ಪಿನಲ್ಲಿರುವ ಸೋಡಿಯಂ ಕರುಳಿನ ಗೋಡೆಯನ್ನು ಸುಲಭವಾಗಿ ದಾಟುತ್ತದೆ, ಅದರ ಹಿಂದೆಯೇ ನೀರೂ ದಾಟುತ್ತದೆ ಎಂಬ ತತ್ವವನ್ನು 1960ರಲ್ಲಿ ರಾಬರ್ಟ್ ಕ್ರೇನ್ ಮಂಡಿಸಿದರು, ಓಆರ್‌ಎಸ್ ನಿಂತಿರುವುದು ಆ ತತ್ವದ ಮೇಲೆ. ಔಷಧಿ ಅಂಗಡಿಯ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸುವುದು ಎಲ್ಲಕ್ಕಿಂತ ಉತ್ತಮ. ಅದು ಕೈಗೆ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಅಳೆದ ಆರು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು. ಉಪ್ಪನ್ನು ಕಣ್ಣಂದಾಜಿನಲ್ಲಿ ಹಾಕಬಾರದು. ಹೆಚ್ಚಾದರೆ, ಅದರಲ್ಲೂ ಮಕ್ಕಳಿಗೆ, ಅಪಾಯ. ಸಕ್ಕರೆ ತುಂಬಿದ ಸೋಡಾ ಮತ್ತು ಗಟ್ಟಿ ಹಣ್ಣಿನ ರಸಗಳು ಕರುಳಿಗೆ ನೀರನ್ನು ಎಳೆದುಕೊಂಡು ಭೇದಿಯನ್ನು ಹೆಚ್ಚಿಸಬಹುದು. ಹಸಿವಾದ ಕೂಡಲೇ ಗಂಜಿ, ಬಾಳೆಹಣ್ಣು, ಮೊಸರು, ಬೇಯಿಸಿದ ಆಲೂಗಡ್ಡೆ ಆರಂಭಿಸಬಹುದು; ಭೇದಿ ಪೂರ್ತಿ ನಿಲ್ಲುವವರೆಗೆ ಉಪವಾಸವಿರಿಸುವುದು ಹಳೆಯ ತಪ್ಪು.

ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ಬಹಳ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಎಬ್ಬಿಸಿದರೂ ಮಂಪರು ಬಿಡದಿದ್ದರೆ, ಅಡುಗೆಮನೆಯನ್ನು ಬಿಟ್ಟು ವೈದ್ಯರ ಬಳಿಗೆ ಹೋಗಬೇಕು. ಮಧುಮೇಹ, ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿರುವವರಿಗೆ ಸಕ್ಕರೆ, ಉಪ್ಪು, ನೀರಿನ ಪ್ರಮಾಣವನ್ನು ಅವರ ವೈದ್ಯರೇ ಹೇಳಬೇಕು, ಇಲ್ಲಿ ಕೊಟ್ಟ ಅಳತೆಗಳು ಅವರಿಗೆ ಸಲ್ಲುವುದಿಲ್ಲ.

ಮನಸ್ಸು ಕುಗ್ಗಿದ ದಿನ

ಜ್ವರದ ದಿನದ ಅಡುಗೆಗಿಂತ ಬೇಸರದ ದಿನದ ಅಡುಗೆ ಕಷ್ಟ. ಜ್ವರವಿದ್ದರೆ ಯಾರಾದರೂ ಬಂದು ವಿಚಾರಿಸುತ್ತಾರೆ, ಮನಸ್ಸು ಸೋತಿದ್ದರೆ ಅದು ಹೊರಗೆ ಕಾಣುವುದಿಲ್ಲ; ಒಲೆ ಹಚ್ಚುವುದಕ್ಕೆ ಏಳುವುದೇ ಬೆಟ್ಟ ಹತ್ತಿದಂತಾಗುತ್ತದೆ. ನನ್ನ ಬದುಕಿನಲ್ಲಿಯೂ ಅಂಥದೊಂದು ತಿಂಗಳು ಇತ್ತು, ಆಗ ರಾತ್ರಿ ಹತ್ತು ಗಂಟೆಗೆ ನಿಂತಲ್ಲಿಯೇ ಒಣ ಬ್ರೆಡ್ ತಿಂದು ಮಲಗುತ್ತಿದ್ದೆ. ಒಂದು ದಿನ ಸ್ನೇಹಿತೆಯೊಬ್ಬಳು ಬಾಗಿಲು ತಟ್ಟಿ, ಏನನ್ನೂ ಕೇಳದೆ, ಸ್ಟೀಲಿನ ಡಬ್ಬಿಯೊಂದನ್ನು ಕೈಗಿತ್ತು, "ಡಬ್ಬಿ ವಾಪಸು ಕೊಡಬೇಕಾಗಿಲ್ಲ" ಎಂದು ಹೇಳಿ ಹೊರಟುಹೋದಳು. ಒಳಗಿದ್ದದ್ದು ಮೆತ್ತಗಿನ ಅನ್ನ ಮತ್ತು ಬೇಳೆ, ಇನ್ನೂ ಬೆಚ್ಚಗಿತ್ತು, ಮುಚ್ಚಳದ ಒಳಬದಿಯಲ್ಲಿ ಹಬೆಯ ಹನಿಗಳು ಸಾಲುಗಟ್ಟಿದ್ದವು. ಅಂದು ನಾನು ಕುಳಿತು ಉಂಡೆ. ಈ ಬರಹದ ಮೊದಲಲ್ಲಿ ಹೇಳಿದ ಅಳತೆಗೋಲು ನನಗೆ ಸಿಕ್ಕಿದ್ದು ಆ ಡಬ್ಬಿಯಿಂದ.

ತಿನಿಸಿಗೆ ಮನಸ್ಸನ್ನು ಎತ್ತುವ ಶಕ್ತಿಯಿದೆಯೇ ಎಂಬುದರ ಬಗ್ಗೆ ಸಂಶೋಧನೆಗಳು ಎರಡು ಮಾತು ಹೇಳುತ್ತವೆ, ಎರಡೂ ಉಪಯುಕ್ತ. ಮಿನ್ನೆಸೋಟ ವಿಶ್ವವಿದ್ಯಾಲಯದ ಟ್ರೇಸಿ ಮ್ಯಾನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದುಃಖದ ದೃಶ್ಯಗಳನ್ನು ನೋಡಿ ಮನಸ್ಸು ಕುಗ್ಗಿದವರಿಗೆ ಅವರವರ ಸಾಂತ್ವನದ ತಿನಿಸನ್ನು ಕೊಟ್ಟರೂ, ಬೇರೆ ತಿನಿಸು ಕೊಟ್ಟರೂ, ಏನನ್ನೂ ಕೊಡದಿದ್ದರೂ ಸ್ವಲ್ಪ ಹೊತ್ತಿಗೆ ಮನಸ್ಸು ಒಂದೇ ಪ್ರಮಾಣದಲ್ಲಿ ಸುಧಾರಿಸಿತು. ಅಂದರೆ ಚಾಕೊಲೇಟಿನ ಡಬ್ಬಿ ಪೂರ್ತಿ ಮುಗಿಸುವುದರಲ್ಲಿ ಗುಣವೇನೂ ಅಡಗಿಲ್ಲ. ಇನ್ನೊಂದು ಕಡೆ, ಜೋರ್ಡನ್ ಟ್ರೊಯ್ಸಿ ಮತ್ತು ಶೀರಾ ಗೇಬ್ರಿಯಲ್ 2011ರಲ್ಲಿ ತೋರಿಸಿದಂತೆ, ಸಾಂತ್ವನದ ತಿನಿಸುಗಳು ನಮ್ಮನ್ನು ಪ್ರೀತಿಸಿದವರ ನೆನಪಿನೊಂದಿಗೆ ಬೆಸೆದುಕೊಂಡಿರುತ್ತವೆ, ಒಂಟಿತನ ಅನ್ನಿಸಿದಾಗ ಅವುಗಳನ್ನು ನೆನೆಯುವುದೂ ಆ ಒಂಟಿತನವನ್ನು ತಗ್ಗಿಸಬಲ್ಲದು. ನಾನು ಇದರಿಂದ ಅರ್ಥಮಾಡಿಕೊಂಡದ್ದು ಇಷ್ಟು: ಬೇಸರದ ದಿನ ಸಕ್ಕರೆ, ಎಣ್ಣೆಗಳ ಪ್ರಮಾಣವನ್ನು ನೋಡುವುದಕ್ಕಿಂತ ಆ ತಿನಿಸನ್ನು ಮೊದಲು ನಮಗೆ ಮಾಡಿಕೊಟ್ಟವರು ಯಾರು ಎಂಬುದನ್ನು ನೋಡಬೇಕು. ಅವರು ಬದುಕಿದ್ದರೆ ಫೋನ್ ಮಾಡಿ "ಅದನ್ನು ಹೇಗೆ ಮಾಡುತ್ತಿದ್ದಿರಿ?" ಎಂದು ಕೇಳುವುದು ಊಟದಷ್ಟೇ ಹಿತವಾದೀತು.

ಒಬ್ಬರೇ ಇರುವವರು ಮನಸ್ಸು ತಿಳಿಯಾಗಿರುವ ಒಂದು ದಿನ, ಒಂದು ಚೀಟಿಯಲ್ಲಿ ಮೂರೇ ಮೂರು ಊಟಗಳನ್ನು ಬರೆದು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿಟ್ಟುಕೊಳ್ಳಲಿ. ಮೊದಲನೆಯದು ಒಲೆಯೇ ಬೇಡದ್ದು, ಉದಾಹರಣೆಗೆ ಮೊಸರು ಮತ್ತು ಬಾಳೆಹಣ್ಣು. ಎರಡನೆಯದು ಬರಿಯ ಬಿಸಿ ಮಾಡಿದರೆ ಸಾಕಾದದ್ದು, ಅಂದರೆ ಫ್ರೀಜರಿನಲ್ಲಿಟ್ಟ ಸೂಪ್. ಮೂರನೆಯದು ಒಂದೇ ಪಾತ್ರೆಯಲ್ಲಿ ಇಪ್ಪತ್ತು ನಿಮಿಷಕ್ಕೆ ಆಗುವಂಥದ್ದು. ಆ ಹೊತ್ತಿನಲ್ಲಿ ಯೋಚಿಸುವ ಕೆಲಸವನ್ನು ಚೀಟಿ ಮಾಡುತ್ತದೆ. ಯಾವ ಊಟವಾದರೂ ಸರಿ, ಅದನ್ನು ತಟ್ಟೆಗೆ ಬಡಿಸಿಕೊಂಡು ಕುಳಿತೇ ಉಣ್ಣಿ. ಮದ್ಯ ಆ ಕ್ಷಣಕ್ಕೆ ಹಗುರ ಅನ್ನಿಸಿದರೂ ನಿದ್ದೆಯನ್ನು ಕೆಡಿಸಿ ಮರುದಿನವನ್ನು ಇನ್ನಷ್ಟು ಭಾರವಾಗಿಸುತ್ತದೆ. ಬೇಸರ ಎರಡು ವಾರ ಕಳೆದರೂ ಬಿಡದಿದ್ದರೆ, ಹಸಿವು ಮತ್ತು ನಿದ್ದೆ ಎರಡೂ ಕೆಟ್ಟಿದ್ದರೆ, ಅದನ್ನು ಊಟದಿಂದ ಸರಿಪಡಿಸಲು ಹೊರಡದೆ ವೈದ್ಯರೊಂದಿಗೆ ಮಾತನಾಡಬೇಕು.

ಬಡಿಸುವುದು, ಉಳಿದದ್ದನ್ನು ಇಡುವುದು

ಬಟ್ಟಲನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ತುಂಬಿದ ಬಟ್ಟಲು ಕಾಯಿಲೆಯವರ ಕಣ್ಣಿಗೆ ಮುಗಿಸಲಾಗದ ಸಾಲದಂತೆ ಕಾಣುತ್ತದೆ, ಅರ್ಧ ಬಟ್ಟಲನ್ನು ಮುಗಿಸಿದವರಿಗೆ ಗೆದ್ದಂತೆ ಅನ್ನಿಸಿ ಇನ್ನೆರಡು ಸೌಟು ಕೇಳುವುದೂ ಉಂಟು. ಮಲಗಿಯೇ ಇರುವವರಿಗೆ ತಟ್ಟೆಗಿಂತ ಹಿಡಿಯಿರುವ ಕಪ್ಪು ಅನುಕೂಲ, ಅದೂ ಹಗುರವಾಗಿರಲಿ. ಉಣ್ಣಿಸುವ ಮುಂಚೆ ಬೆನ್ನಿಗೆ ದಿಂಬು ಕೊಟ್ಟು ಎಬ್ಬಿಸಿ ಕೂರಿಸಬೇಕು, ಮಲಗಿದಂತೆಯೇ ಗುಟುಕು ಹಾಕಿದರೆ ನೆತ್ತಿಗೇರುತ್ತದೆ. ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡುವುದು, ಬೇಡವೆಂದರೆ ವಾದಿಸದೆ ಮುಚ್ಚಿಟ್ಟು ಹೋಗಿ ಅರ್ಧ ಗಂಟೆ ಬಿಟ್ಟು ಬರುವುದು, ಇದೇ ಒಳ್ಳೆಯ ಕ್ರಮ. ಎದುರು ಕುಳಿತು ಪ್ರತಿ ತುತ್ತನ್ನೂ ಎಣಿಸುತ್ತಿದ್ದರೆ ಯಾರಿಗೂ ಗಂಟಲಲ್ಲಿ ಇಳಿಯದು.

ಅನ್ನ ಮತ್ತು ಗಂಜಿಯ ವಿಷಯದಲ್ಲಿ ಒಂದು ಅಪಾಯವನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಬದುಕುಳಿಯಬಲ್ಲವು. ಬೆಂದ ಅನ್ನವನ್ನು ಗಂಟೆಗಟ್ಟಲೆ ಹೊರಗೇ ಬಿಟ್ಟರೆ ಅವು ಮೊಳೆತು ವಾಂತಿ ತರಿಸುವ ವಿಷವನ್ನು ಉತ್ಪಾದಿಸುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಆದ್ದರಿಂದ ಉಳಿದ ಗಂಜಿಯನ್ನು ಅಗಲವಾದ ಪಾತ್ರೆಗೆ ಸುರಿದು ಬೇಗ ಆರಿಸಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿ ಇಡಬೇಕು, ಮರುದಿನದೊಳಗೆ ಮುಗಿಸಬೇಕು. ಬಿಸಿ ಮಾಡುವಾಗ ಕುದಿಯುವ ನೀರು ಸೇರಿಸಿ ಕಲಕಿದರೆ ಗಟ್ಟಿಯಾದದ್ದು ಮೊದಲಿನ ಹದಕ್ಕೆ ಬರುತ್ತದೆ, ಅದು ಪೂರ್ತಿ ಕುದಿ ಬಂದ ಮೇಲೆಯೇ ಇಳಿಸಬೇಕು. ಸೂಪನ್ನೂ ಬೇಳೆಯ ಕಟ್ಟನ್ನೂ ಒಂದೊಂದು ಹೊತ್ತಿಗಾಗುವಷ್ಟು ಸಣ್ಣ ಡಬ್ಬಿಗಳಲ್ಲಿ ಹಾಕಿ, ದಿನಾಂಕ ಬರೆದು ಫ್ರೀಜರಿನಲ್ಲಿಟ್ಟರೆ ಎರಡು ಮೂರು ತಿಂಗಳು ಚೆನ್ನಾಗಿರುತ್ತವೆ. ದೊಡ್ಡ ಡಬ್ಬಿಯಲ್ಲಿ ಒಂದೇ ಗಡ್ಡೆಯಾಗಿ ಇಟ್ಟರೆ, ಜ್ವರದ ದಿನ ಅದನ್ನು ಕರಗಿಸಲು ಕಾಯುವುದೇ ಒಂದು ಶಿಕ್ಷೆ.

ಚೇತರಿಕೆಯನ್ನು ಥರ್ಮಾಮೀಟರಿಗಿಂತ ಮೊದಲು ನಾಲಿಗೆ ತಿಳಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮೂರು ದಿನ ಕೊಟ್ಟದ್ದನ್ನು ಮಾತಿಲ್ಲದೆ ಕುಡಿದವರು ನಾಲ್ಕನೆಯ ದಿನ ಮೊದಲ ಚಮಚಕ್ಕೇ ಮುಖ ಕಿವುಚಿ "ಉಪ್ಪೇ ಇಲ್ಲವಲ್ಲ ಇದಕ್ಕೆ" ಎನ್ನುತ್ತಾರೆ. ಹಾಗೆ ಹೇಳಿದವರ ಮುಂದೆ ಉಪ್ಪಿನ ಡಬ್ಬಿಯನ್ನೂ ಕತ್ತರಿಸಿದ ನಿಂಬೆಹೋಳನ್ನೂ ಇಟ್ಟು, ಅವರೇ ಬೇಕಾದಷ್ಟು ಹಾಕಿಕೊಳ್ಳಲು ಬಿಟ್ಟು, ನಾಳೆಗೆ ಗಂಜಿಯ ಬದಲು ಮೆತ್ತಗಿನ ಅನ್ನಕ್ಕೆ ಅಕ್ಕಿ ಅಳೆದಿಡಬಹುದು.